ಎರಡನೇದು ನೋಡಿ ಮೊದಲನೇದಕ್ಕೆ ಹೋದೆ

ಹೋದ ವಿಡಿಯೋದಲ್ಲಿ 'ವ್ಯಾಂಪೈರ್ ಹಂಟರ್ ಡಿ: ಬ್ಲಡ್‌ಲಸ್ಟ್' ಬಗ್ಗೆ ನಾನು ಕುಣಿದಾಡಿದ್ದು ನೋಡಿದ್ದೀರಿ. 2000ದ ಸಿನಿಮಾ, ಯೋಶಿಯಾಕಿ ಕವಾಜಿರಿ ನಿರ್ದೇಶನ. ಯಾವ ಫ್ರೇಮನ್ನಾದರೂ ನಿಲ್ಲಿಸಿ ಗೋಡೆಗೆ ಹಾಕ್ಕೋಬಹುದು. ಅದೇ ಗುಂಗಲ್ಲಿ 1985ರ ಮೊದಲನೇ 'ಡಿ' ನೋಡೋಕೆ ಕೂತೆ. ಹತ್ತೇ ನಿಮಿಷಕ್ಕೆ ಸಪ್ಪಗಾದೆ. ಮುಖಗಳು ಚಪ್ಪಟೆ, ಚಲನೆ ತಡವರಿಸುತ್ತೆ.

ಆಮೇಲೆ ಅದು ಹುಟ್ಟಿದ ಕಾಲ ಹುಡುಕ್ಕೊಂಡು ಹೋದೆ. ಜಪಾನಿನಲ್ಲಿ 1983ರಲ್ಲಿ 'ಡಲ್ಲೋಸ್' ಅನ್ನೋ ಅನಿಮೆ ಥಿಯೇಟರಿಗೂ ಹೋಗದೆ, ಟೀವಿಗೂ ಹೋಗದೆ ನೇರ ಕ್ಯಾಸೆಟ್ಟಿಗೆ ಬಂತು. ಹೀಗೆ ಬಂದವಕ್ಕೆ ಒವಿಎ ಅಂತ ಹೆಸರು. ಟೀವಿಯಲ್ಲಿ ತೋರಿಸಲಾಗದ ರಕ್ತ, ಭಯಕ್ಕೆಲ್ಲ ಅಲ್ಲಿ ಜಾಗ ಸಿಕ್ತು. ಮೊದಲ 'ಡಿ' ಆ ಸಾಲಿನದೇ, ಬಜೆಟ್ಟೂ ಕಮ್ಮಿ. ಹಿದೆಯುಕಿ ಕಿಕುಚಿಯ ಮೂಲ ಕಾದಂಬರಿಗೆ ಚಿತ್ರ ಬರೆದವರು ಯೋಶಿತಕಾ ಅಮಾನೊ. ಅವರ ನೂಲಿನಂಥ ಗೆರೆಗಳನ್ನ ಅಷ್ಟು ದುಡ್ಡಲ್ಲಿ ಓಡಿಸೋದು ಎಲ್ಲಿಂದ ಬಂತು? ನಿರ್ದೇಶಕ ಟೊಯೋ ಅಶಿದಾ ಸರಳ ಮಾಡಿಕೊಂಡರು. ಓದಿ, ದುಡಿದು ಸುಸ್ತಾದವರು ಇನ್ನಷ್ಟು ಸುಸ್ತಾಗದೆ ನೋಡಲಿ ಅನ್ನೋದು ಅವರ ಉದ್ದೇಶವಂತೆ. ರಾತ್ರಿ ಹತ್ತೂವರೆಗೆ ಕ್ಲೈಂಟ್ ಕಾಲ್ ಮುಗಿಸಿ ಕೂತಿದ್ದ ನನಗೆ ಇದು ನಾಟಿತು. ಮತ್ತೆ ಶುರುವಿನಿಂದ ಹಾಕಿದೆ.

ಈ ಸಲ ಕಣ್ಣಿಗೆ ಬಿದ್ದಿದ್ದೇ ಬೇರೆ. (ಮುಂದೆ ಸ್ಪಾಯ್ಲರ್ ಇದೆ, ಹೇಳಿಲ್ಲ ಅನ್ಬೇಡಿ.) ಕೌಂಟ್ ಲೀ ಕಚ್ಚಿದ ಡೋರಿಸ್ ಊರಿನ ಅಂಗಡಿಗೆ ಹೋಗ್ತಾಳೆ, ಸಾಮಾನು ಕೊಡಲ್ಲ. ನಿನ್ನೆವರೆಗೂ ಗುರುತಿದ್ದವರೇ. ರಾಕ್ಷಸರ ಕಾದಾಟಕ್ಕಿಂತ ಆ ದೃಶ್ಯವೇ ನನ್ನ ಎದೆ ಝಲ್ಲೆನಿಸಿದ್ದು. ಲೀಯ ಮಗಳು ರಾಮಿಕಾಗೆ ತನ್ನ ಕುಲದ ಹೆಮ್ಮೆ ಜಾಸ್ತಿ, ಮನುಷ್ಯರು ಅಂದ್ರೆ ಕಸ. ಕೊನೆಗೆ ಗೊತ್ತಾಗುತ್ತೆ, ಹೆತ್ತಮ್ಮನೇ ಮನುಷ್ಯಳು. ಅವಳೂ ಡಿ ಥರಾನೇ ಅರ್ಧ-ಅರ್ಧ. ಪುಣೆಯಲ್ಲಿ ಹೊರಗಿನವನು, ಹಾವೇರಿಗೆ ಹೋದರೆ 'ಪುಣೆಯವನು' ಅನ್ನಿಸ್ಕೊಳ್ಳೋ ನನಗೆ ಇಲ್ಲಿ ನಗು ಬರಲಿಲ್ಲ. ಹಾಗೂ ಬದುಕಬಹುದು ಅಂತ ತೋರಿಸೋಕೆ ಡಿ ಎದುರಿಗೇ ನಿಂತಿದ್ದಾನೆ. ರಾಮಿಕಾ ಒಪ್ಪಲ್ಲ. ಕುಸಿಯುತ್ತಿರುವ ಕೋಟೆಯಲ್ಲಿ ಅಪ್ಪನ ಜತೆಗೇ ಉಳೀತಾಳೆ.

'ಬ್ಲಡ್‌ಲಸ್ಟ್' ಈಗಲೂ ಹೆಚ್ಚು ಚೆಂದ, ಅದರಲ್ಲಿ ರಾಜಿ ಇಲ್ಲ. ಆದರೆ ಅದರಲ್ಲಿ ಡಿ ಯಾಕೆ ಅಷ್ಟು ಕಮ್ಮಿ ಮಾತಾಡ್ತಾನೆ ಅಂತ ನಾನು ಹೋದ ವಾರ ನಿಮ್ಮ ಹತ್ರ ತಮಾಷೆ ಮಾಡಿದ್ದೆನಲ್ಲ, ಅದನ್ನ ವಾಪಸ್ ತಗೊಳ್ತೀನಿ.