ಹಾನಗಲ್ಲ ಸೀಮೆಯ ಬಯಲು ಸಂಗ್ರಹಾಲಯಗಳು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಇತಿಹಾಸದ ಮೂಲ ಸಾಮಗ್ರಿ ಹೆಚ್ಚಾಗಿ ಗುಡಿಯ ಅಂಗಳ, ಕೋಟೆಬಾಗಿಲು, ಕೆರೆದಂಡೆಗಳಲ್ಲಿಯೇ ಉಳಿದಿದೆ. ಈ ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮುನ್ನ ಧಾರವಾಡ ಜಿಲ್ಲೆಯಲ್ಲಿದ್ದವು. ಇಲ್ಲಿಯ ಕಲ್ಲುಗಳನ್ನು ಓದುವ ಕೆಲಸಕ್ಕೂ ಧಾರವಾಡವೇ ಕೇಂದ್ರವಾಗಿತ್ತು. 19ನೇ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸುತ್ತಲ ನಾಡಿನ 595 ಶಾಸನಗಳ ನಕಲು ಮಾಡಿಸಿದರು. ಜೆ. ಎಫ್. ಫ್ಲೀಟ್ 1882ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಗಳ ರಾಜವಂಶಗಳ ಗ್ರಂಥದಿಂದ ಹಾನಗಲ್ಲ ಕದಂಬರ ಚರಿತ್ರೆಗೆ ಒಂದು ರೂಪ ಬಂತು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಆರಂಭವಾಯಿತು.

ಈ ಸೀಮೆಯ ಯೋಧಸ್ಮಾರಕಗಳೆಂದರೆ ವೀರಗಲ್ಲುಗಳು. ಸಾಮಾನ್ಯವಾಗಿ ಕೆಳಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಇರುತ್ತವೆ. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ. ಹಾನಗಲ್ಲ ಕೋಟೆಯ ಪಶ್ಚಿಮ ಬಾಗಿಲ ಬಳಿ ಫ್ಲೀಟ್ ಗುರುತಿಸಿದ ಕಲ್ಲು 1196ರ ಮುತ್ತಿಗೆಯನ್ನು ಹೇಳುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳ ಆನೆಕೆರೆಯ ಹತ್ತಿರ ಬೀಡುಬಿಟ್ಟಿದ್ದ. ಕದಂಬರ ಸೇನಾನಿ ಕಾದಿ ಮಡಿದ. ಮಡಿದವನ ಕಲ್ಲು ಕಾಳಗ ನಡೆದ ಊರಿನಲ್ಲಿಯೇ ಇರುವುದರಿಂದ ಕೋಟೆ, ಕೆರೆ, ಬರಹಗಳನ್ನು ಒಂದಕ್ಕೊಂದು ತಾಳೆನೋಡಬಹುದು. ಇಂಥ ಕಲ್ಲನ್ನು ದೂರದ ಕಟ್ಟಡಕ್ಕೆ ಸಾಗಿಸುವುದಕ್ಕಿಂತ ಇದ್ದಲ್ಲಿಯೇ ನೆರಳು, ಆವರಣ ಒದಗಿಸುವುದು ಸರಿಯಾದ ಕ್ರಮ. ಹಾನಗಲ್ಲದ ತಾರಕೇಶ್ವರ ಗುಡಿಯ ಆವರಣದ ವೀರಗಲ್ಲುಗಳನ್ನೂ, ಅದರ ಮಂಟಪದ ಛತ್ತಿನಲ್ಲಿ ಅರಳಿರುವ ಬೃಹತ್ ಕಮಲವನ್ನೂ ಒಟ್ಟಿಗೆ ನೋಡಿದವರಿಗೆ ಆ ಕಾಲದ ಕಲ್ಲುಕುಟಿಗರ ಹಿಡಿತ ತಿಳಿಯುತ್ತದೆ.

ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿ ಇನ್ನೂ ಅಪರೂಪದ್ದು. ಸುಮಾರು 1200ರ ಹೊತ್ತಿನ ಅಲ್ಲಿಯ ಶಾಸನ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ನಡೆಸಿದ ವಾದವನ್ನೂ, ಅರಸ ಬಿಜ್ಜಳ ಕೊಟ್ಟ ಜಯಪತ್ರವನ್ನೂ ವರ್ಣಿಸುತ್ತದೆ. ಅದೇ ಪ್ರಸಂಗ ಶಿಲ್ಪದಲ್ಲಿಯೂ ಇದ್ದು, ದೃಶ್ಯಗಳಿಗೆ ಕಿರುಬರಹಗಳಿವೆ. ಚಿತ್ರದ ಕೆಳಗೆ ವಿವರಣೆ ಬರೆಯುವ ಪದ್ಧತಿ ಇಲ್ಲಿ ಎಂಟು ಶತಮಾನ ಹಳೆಯದು. ಶಾಸನ ಗೆದ್ದವರ ಮಾತು. ವಾದದಲ್ಲಿ ಸೋತು ಬಸದಿ ಕಳೆದುಕೊಂಡ ಜೈನರ ದಾಖಲೆ ಅದರಲ್ಲಿಲ್ಲ ಎಂಬುದನ್ನು ಓದುವಾಗ ಮರೆಯಬಾರದು.

ಶಿಗ್ಗಾಂವಿ ತಾಲೂಕಿನ ಬಂಕಾಪುರ ಜೈನ ವಿದ್ಯೆಗೂ ನೆಲೆಯಾಗಿತ್ತು. ಗುಣಭದ್ರನ ‘ಉತ್ತರಪುರಾಣ’ಕ್ಕೆ 898ರಲ್ಲಿ ಪೂಜೆ ನಡೆದದ್ದು ಇಲ್ಲಿ, ಗಂಗರ ಮಾರಸಿಂಹ ಸಲ್ಲೇಖನ ಕೈಗೊಂಡದ್ದೂ ಇಲ್ಲಿಯೇ. ಕೋಟೆಯೊಳಗೆ ಅರವತ್ತು ಕಂಬದ ಗುಡಿ ಎಂದು ಜನ ಕರೆಯುವ ನಗರೇಶ್ವರ ದೇಗುಲವಿದೆ. 2006ರಲ್ಲಿ ಕೋಟೆಯ ಆವರಣ ನವಿಲುಧಾಮವೂ ಆಯಿತು.

ಸವಣೂರಿನಲ್ಲಿ ನವಾಬರ ಆಳ್ವಿಕೆಯ ಕುರುಹುಗಳಿವೆ. ಆ ಸಂಸ್ಥಾನ 1948ರಲ್ಲಿ ವಿಲೀನವಾಯಿತು. ನಿಸರ್ಗವಿಜ್ಞಾನದ ದೃಷ್ಟಿಯಿಂದ ಅಲ್ಲಿಯ ಮುಖ್ಯ ಆಸ್ತಿ ದೊಡ್ಡಹುಣಸೆ ಮಠದ ಮರಗಳು. ಹುಣಸೆ ಎಂದು ಕರೆದರೂ ಇವು ಆಫ್ರಿಕಾ ಮೂಲದ ಬಾವೋಬಾಬ್. ಮೆದುವಾದ ದಪ್ಪ ಕಾಂಡದಲ್ಲಿ ನೀರು ಹಿಡಿದಿಟ್ಟುಕೊಂಡು ಬೇಸಿಗೆಯನ್ನು ಕಳೆಯುತ್ತವೆ. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿದಾಗ ಅದನ್ನು ಮತ್ತೆ ನೆಡಲಾಯಿತು.

ಉದ್ದೇಶಪೂರ್ವಕವಾಗಿ ಕಟ್ಟಿದ ಬಯಲು ಸಂಗ್ರಹಾಲಯ ಈ ಸೀಮೆಗೆ ಬಂದದ್ದು ಇತ್ತೀಚೆಗೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಹಳ್ಳಿಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಿದೆ. ಒಕ್ಕಲುತನ, ಕಸುಬು, ಸಂತೆ, ಮನೆವಾರ್ತೆ ಇವೇ ಅಲ್ಲಿಯ ವಿಷಯ. ಶಾಸನಗಳು ರಾಜ, ದಾನಿ, ವೀರರನ್ನು ಹೆಸರಿಸಿದರೆ, ಅವುಗಳಲ್ಲಿ ಹೆಸರಿಲ್ಲದ ದುಡಿಯುವ ಜನ ಇಲ್ಲಿ ಕಾಣುತ್ತಾರೆ. ಅದೇ ಊರಿನಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಆರಂಭವಾಯಿತು.