ಒಂದೇ ವೈಫೈ, ಮೂರ್ನಾಲ್ಕು ಮನೆ: ನೆಟ್ ಕೈಕೊಟ್ಟರೆ ಮೊದಲು ಏನು ನೋಡಬೇಕು?

ಚೇಳೂರು: ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಎಲ್ಲರಿಗೂ ಸೇರಿ ಒಂದೇ ಫೈಬರ್ ಕನೆಕ್ಷನ್, ತಿಂಗಳ ಬಿಲ್ಲಿನಲ್ಲಿ ಪಾಲು. ಚೇಳೂರು, ನಿಟ್ಟೂರು, ಗುಬ್ಬಿ ಕಡೆ ಇಂಥ ಕಟ್ಟಡದಲ್ಲಿ ಇರುವವರಿಗೆ ಈ ಮಾತು ಗೊತ್ತು: "ಮೇಲ್ಗಡೆ ಹುಡುಗರು ರಾತ್ರಿಯೆಲ್ಲಾ ಸಿನಿಮಾ ನೋಡ್ತಾರೆ, ಅದಕ್ಕೇ ನೆಟ್ ಬರ್ತಿಲ್ಲ." ಮಾತಿಗೆ ಮಾತು ಬೆಳೆದು ಒಬ್ಬರು ಪಾಲು ಕೊಡೋದು ನಿಲ್ಲಿಸ್ತಾರೆ, ಇನ್ನೊಬ್ಬರು ಸಾವಿರಾರು ರೂಪಾಯಿ ಕೊಟ್ಟು ಹೊಸ ರೂಟರ್ ತರ್ತಾರೆ. ಆದರೂ ನೆಟ್ ಸರಿಹೋಗಲ್ಲ.

ಕಾರಣ ಇಷ್ಟೇ. ವೈಫೈ ಬೇರೆ, ಇಂಟರ್ನೆಟ್ ಬೇರೆ. ಬಾಕ್ಸಿನಿಂದ ನಿಮ್ಮ ಮೊಬೈಲ್‌ಗೆ ಗಾಳಿಯಲ್ಲಿ ಬರೋದು ವೈಫೈ. ಕಂಬದಿಂದ ಬಾಕ್ಸಿಗೆ ಬರೋದು ಇಂಟರ್ನೆಟ್. ತೊಂದರೆ ಯಾವ ಕಡೆ ಇದೆ ಅಂತ ಕಂಡುಕೊಂಡರೆ ಅರ್ಧ ಜಗಳ ಮುಗೀತು. ಅದಕ್ಕೆ ಈ ಕ್ರಮದಲ್ಲಿ ನೋಡಿ.

1. ಒಬ್ಬರಿಗಾ, ಎಲ್ಲರಿಗಾ?

ಮೊದಲು ಪಕ್ಕದ ಮನೆಯವರನ್ನು ಕೇಳಿ. ಒಂದೇ ಮೊಬೈಲ್‌ನಲ್ಲಿ ಬರ್ತಿಲ್ಲ ಅಂದ್ರೆ ತೊಂದರೆ ಆ ಮೊಬೈಲ್‌ನದು. ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನು 'ಫರ್ಗೆಟ್' ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ಮಹಡಿ ಮನೆಯವರಿಗೆ ಮಾತ್ರ ಇಲ್ಲ ಅಂದ್ರೆ ಗೋಡೆ, ದೂರದ ಸಮಸ್ಯೆ. ಎಲ್ಲರಿಗೂ ಇಲ್ಲ ಅಂದ್ರೆ ಬಾಕ್ಸ್ ಅಥವಾ ಲೈನ್ ನೋಡಬೇಕು.

2. ಬಾಕ್ಸಿನ ಲೈಟ್ ನೋಡಿ

'ಲಾಸ್' ಅಂತ ಬರೆದಿರುವ ಲೈಟ್ ಕೆಂಪಗೆ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕಿನ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ತೆಂಗಿನ ಗರಿ ಬಿದ್ದು ವೈರ್ ಕಟ್ ಆಗಿರಬಹುದು, ರಸ್ತೆ ಅಗೆದಿರಬಹುದು, ಮನೆಯೊಳಗೇ ಬಾಕ್ಸಿನ ಹಿಂದಿನ ತೆಳು ವೈರ್ ಮಡಚಿ ಹೋಗಿರಬಹುದು. ಫೈಬರ್ ಒಳಗೆ ಗಾಜಿನ ಎಳೆ ಇರುತ್ತದೆ, ಮೊಳೆಗೆ ಸುತ್ತಿ ಬಿಗಿದರೆ ಹಾಳಾಗುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡ್ಬೇಡಿ, ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

'ಪಾನ್' ಲೈಟ್ ಮಿಣುಕುತ್ತಲೇ ಇದ್ದರೆ ಬಾಕ್ಸ್ ಕಂಪನಿಯ ಕಡೆ ಸೇರಿಕೊಳ್ಳಲು ಆಗುತ್ತಿಲ್ಲ ಎಂದು ಅರ್ಥ. ಈ ಎರಡಕ್ಕೂ ಲೈನ್‌ಮನ್ ಬರಲೇಬೇಕು.

3. ಆಫ್ ಮಾಡಿ, ಆನ್ ಮಾಡಿ. 'ರೀಸೆಟ್' ಒತ್ತಬೇಡಿ

ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಮತ್ತೆ ನೆಟ್ ಬರೋಕೆ ಎರಡು ಮೂರು ನಿಮಿಷ ಬೇಕು. ಪಿನ್ ಚುಚ್ಚಿ ಒತ್ತುವ ಸಣ್ಣ ತೂತಿನ 'ರೀಸೆಟ್' ಮಾತ್ರ ಮುಟ್ಟಬೇಡಿ. ಕಂಪನಿಯವರು ಹಾಕಿದ ಸೆಟ್ಟಿಂಗ್ ಅಳಿಸಿಹೋದರೆ ಅವರು ಬರುವವರೆಗೆ ಇಡೀ ಕಟ್ಟಡಕ್ಕೆ ನೆಟ್ ಇರಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲಾ ತೊಂದರೆ ಆಗುತ್ತಿದ್ದರೆ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿ. ಬಹುತೇಕ ಬಾಕ್ಸ್‌ಗಳು 12 ವೋಲ್ಟ್‌ನವು, ಆದರೂ ಅಡಾಪ್ಟರ್ ಮೇಲೆ ಬರೆದಿರುವುದನ್ನು ನೋಡಿಯೇ ಕೊಳ್ಳಿ.

4. ಬಾಕ್ಸ್ ಪಕ್ಕ ನಿಂತು ಸ್ಪೀಡ್ ನೋಡಿ

ಉಳಿದವರೆಲ್ಲ ವೈಫೈ ಆಫ್ ಮಾಡಿಕೊಳ್ಳಲಿ. ಒಬ್ಬರು ಬಾಕ್ಸ್ ಹತ್ತಿರ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ವೈರ್ ಹಾಕಿ ನೋಡಿದರೆ ಇನ್ನೂ ಖಚಿತ. ಅಲ್ಲೇ ಸ್ಪೀಡ್ ಕಮ್ಮಿ ಇದ್ದರೆ ತಪ್ಪು ಲೈನಿನದು, ಇಲ್ಲವೇ ಆ ತಿಂಗಳ ಡೇಟಾ ಮಿತಿ ಮುಗಿದು ಕಂಪನಿಯೇ ಸ್ಪೀಡ್ ಇಳಿಸಿರುತ್ತದೆ. ಆ್ಯಪ್‌ನಲ್ಲಿ ಬಳಕೆ ಎಷ್ಟಾಗಿದೆ ನೋಡಿ. ಇನ್ನೊಂದು ಲೆಕ್ಕ ನೆನಪಿರಲಿ: 40 ಎಂಬಿಪಿಎಸ್ ಪ್ಲಾನ್ ಅಂದ್ರೆ ಡೌನ್‌ಲೋಡ್ ಸೆಕೆಂಡಿಗೆ 5 ಎಂಬಿ ಅಷ್ಟೇ, 40 ಎಂಬಿ ಅಲ್ಲ.

5. ಬಾಕ್ಸ್ ಹತ್ತಿರ ಚೆನ್ನಾಗಿದೆ, ಮೇಲ್ಗಡೆ ಇಲ್ಲ

ಬಾಕ್ಸ್ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಸಿಗ್ನಲ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 5 ಬೇಗ ಓಡುತ್ತದೆ, ಆದರೆ ಗೋಡೆ ದಾಟುವಾಗ ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಮಹಡಿಯವರು 2.4 ಹಿಡಿಯಲಿ, ಬಾಕ್ಸ್ ಇರುವ ಮನೆಯವರು 5 ಬಳಸಲಿ. ಬಾಕ್ಸನ್ನು ಬೀರು, ಫ್ರಿಜ್, ಅಂಗಡಿಯ ಕಬ್ಬಿಣದ ರ‍್ಯಾಕ್ ಹಿಂದೆ ಇಡಬೇಡಿ. ಸುತ್ತಮುತ್ತ ವೈಫೈ ಜಾಸ್ತಿ ಇದ್ದರೆ 2.4ರಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಹಾಕಿಸಿ.

ಆರ್‌ಸಿಸಿ ಛಾವಣಿ ದಾಟಿಸಲು ರಿಪೀಟರ್‌ಗಿಂತ ಲ್ಯಾನ್ ವೈರ್ ಎಳೆದು ಮೇಲೆ ಇನ್ನೊಂದು ರೂಟರ್ ಇಡೋದು ವಾಸಿ. ಅಗ್ಗದ ರಿಪೀಟರ್ ಸ್ಪೀಡನ್ನು ಅರ್ಧಕ್ಕೆ ಇಳಿಸಬಹುದು. ಲ್ಯಾನ್ ವೈರ್ 100 ಮೀಟರ್‌ವರೆಗೆ ಎಳೆಯಬಹುದು. ಎರಡನೇ ರೂಟರನ್ನು 'ಆ್ಯಕ್ಸೆಸ್ ಪಾಯಿಂಟ್' ಮೋಡ್‌ಗೆ ಹಾಕಿ. ಒಂದೇ ವೈರಿನ ಎರಡೂ ತುದಿ ಒಂದೇ ಬಾಕ್ಸಿಗೆ ಸೇರಿಸಿದರೆ ಎಲ್ಲರ ನೆಟ್ಟೂ ನಿಂತುಹೋಗಬಹುದು.

6. ಯಾರು ಎಳೀತಿದ್ದಾರೆ?

ಬಾಕ್ಸಿನ ಪೇಜ್ ಅಥವಾ ಕಂಪನಿ ಆ್ಯಪ್ ತೆರೆದರೆ ಎಷ್ಟು ಮೊಬೈಲ್, ಟಿವಿ ಸೇರಿವೆ ಅನ್ನೋದು ಸಾಮಾನ್ಯವಾಗಿ ಕಾಣುತ್ತದೆ. ಮೊಬೈಲ್‌ನಲ್ಲಿ ನೋಡುವ ಸಿಸಿ ಕ್ಯಾಮೆರಾ ಕೆಲವು ಹಗಲೂ ರಾತ್ರಿ ವಿಡಿಯೋ ಮೇಲಕ್ಕೆ ಕಳಿಸುತ್ತಲೇ ಇರುತ್ತವೆ. ಸಿನಿಮಾ ನೋಡುವ ಹುಡುಗರನ್ನು ಬೈಯುವ ಮುನ್ನ ಅಂಗಡಿಯ ಕ್ಯಾಮೆರಾ ಒಂದು ಗಂಟೆ ಆಫ್ ಮಾಡಿ ನೋಡಿ. ಮನೆ ಖಾಲಿ ಮಾಡಿ ಹೋದವರ ಬಳಿ ಪಾಸ್‌ವರ್ಡ್ ಉಳಿದಿರುತ್ತದೆ, ಬಾಡಿಗೆದಾರರು ಬದಲಾದಾಗಲೆಲ್ಲ ಅದನ್ನೂ ಬದಲಿಸಿ. ಗಿರಾಕಿಗಳಿಗೆ ಕೊಡುವುದಾದರೆ 'ಗೆಸ್ಟ್' ವೈಫೈ ಬೇರೆ ಮಾಡಿ.

7. ದೂರು ಕೊಡುವಾಗ

ಬರೀ ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಕೆಂಪು ಲೈಟಿನ ಫೋಟೊ, ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್ ಇರಲಿ. ಲೈನ್‌ಮನ್ ಬಂದಾಗ ಮೀಟರ್‌ನಲ್ಲಿ ಸಿಗ್ನಲ್ ಎಷ್ಟಿದೆ ಕೇಳಿ. ಮೈನಸ್ 27 ಡಿಬಿಎಂಗಿಂತ ಕೆಳಗಿದ್ದರೆ (ಅಂದರೆ ಮೈನಸ್ 28, 29) ಲೈನ್ ದುರ್ಬಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಟ್ರಾಯ್ 2012ರಲ್ಲಿ ಮಾಡಿದ ನಿಯಮ ಇದು. ಟ್ರಾಯ್ ಸ್ವತಃ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅಂದಹಾಗೆ, 2023ರಿಂದ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಕೊಟ್ಟರೆ ಮಾತ್ರ ಅದು ಬ್ರಾಡ್‌ಬ್ಯಾಂಡ್.

ಕೊನೆಗೆ, ಹಂಚಿಕೊಳ್ಳುವ ಮುನ್ನ

ಕನೆಕ್ಷನ್ ಯಾರ ಹೆಸರಲ್ಲಿದೆಯೋ ಏನಾದರೂ ಹೆಚ್ಚುಕಮ್ಮಿ ಆದರೆ ಪೊಲೀಸರು ಮೊದಲು ಕೇಳೋದು ಅವರನ್ನೇ. ಬೇರೆ ಮನೆಗೆ ಹಂಚಲು ಪ್ಲಾನ್‌ನಲ್ಲಿ ಅವಕಾಶ ಇದೆಯೇ ಎಂದೂ ಕೇಳಿಕೊಳ್ಳಿ. ಯಾರ ಪಾಲು ಎಷ್ಟು, ಬಾಕ್ಸ್ ಕೆಟ್ಟರೆ ಯಾರು ಕೊಡಬೇಕು, ಓನರ್ ಊರಲ್ಲಿ ಇಲ್ಲದಾಗ ದೂರು ಯಾರು ಕೊಡಬೇಕು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು, ಗ್ರಾಹಕ ಸಂಖ್ಯೆ ಜೊತೆಗೆ ಬಾಕ್ಸ್ ಪಕ್ಕ ಅಂಟಿಸಿ. ಮಕ್ಕಳ ಪರೀಕ್ಷೆ ಅರ್ಜಿ, ಅಂಗಡಿಯ ಜಿಎಸ್‌ಟಿ ಫೈಲಿಂಗ್ ಎರಡಕ್ಕೂ ಕೊನೇ ದಿನ ಅಂತ ಇರುತ್ತೆ. ಆ ದಿನ ನೆಟ್ ಹೋದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಗೊತ್ತಿರಲಿ.