ಹಳೇ ಬೈಕ್‌ನ ಪೆಟ್ರೋಲ್ ಕಾಕ್ ಸೋರ್ತಿದೆಯಾ? ಹೊಸದು ಹಾಕಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಚಿತ್ರದುರ್ಗ: ಬೆಳಗ್ಗೆ ಗಾಡಿ ತೆಗೆಯುವಾಗ ಪೆಟ್ರೋಲ್ ವಾಸನೆ, ಟ್ಯಾಂಕ್ ಕೆಳಗೆ ಒದ್ದೆ ಕಲೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹಳೇ ಸ್ಪ್ಲೆಂಡರ್, ಆರ್‌ಎಕ್ಸ್ 100, ಯೆಜ್ಡಿ ಓಡಿಸೋರಿಗೆ ಇದು ಹೊಸದಲ್ಲ. ಬಟ್ಟೇಲಿ ಒರೆಸಿ ಹೊರಡೋರೇ ಜಾಸ್ತಿ. ಆದರೆ ಆ ಹನಿ ಬೀಳೋದು ಕಾದ ಎಂಜಿನ್ ಮೇಲೆ, ಪ್ಲಗ್ ವೈರ್ ಪಕ್ಕದಲ್ಲೇ. ಒಂದು ಕಿಡಿ ಸಾಕು.

ಸೋರೋದಕ್ಕೆ ಕಾರಣ ಹೆಚ್ಚಾಗಿ ಕಾಕ್ ಒಳಗಿನ ರಬ್ಬರ್ ವಾಷರ್. ವಯಸ್ಸಾದಂತೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿದೆ. ಹಳೇ ಗಾಡಿಗಳ ರಬ್ಬರ್ ಇದಕ್ಕೆ ಅಂತ ಮಾಡಿದ್ದಲ್ಲ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ನೀರು ಹೆಚ್ಚಾದರೆ ಟ್ಯಾಂಕ್ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತೆ. ತುಕ್ಕಿನ ಪುಡಿ ಕಾರ್ಬೋರೇಟರ್ ಜೆಟ್‌ಗೆ ಹೋದರೆ ಗಾಡಿ ನಡುದಾರಿಯಲ್ಲಿ ನಿಂತಂಗೆ. ಬಾಟಲಿಯಲ್ಲಿ ಪೆಟ್ರೋಲ್ ತಂದು ಹಾಕೋ ಹಳ್ಳಿ ಕಡೆ ಕಸದ ಕಾಟ ಇನ್ನೂ ಜಾಸ್ತಿ.

ಆರ್‌ಎಕ್ಸ್ 100 ಬರೋದು ನಿಂತಿದ್ದು 1996ರಲ್ಲಿ. ಯೆಜ್ಡಿ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಮುಚ್ಚಿದ್ದೂ ಅದೇ ವರ್ಷ. ಹಾಗಾಗಿ ಕಂಪನಿ ಮಾಲು ಹುಡುಕೋದು ಕಷ್ಟ, ಸಿಗೋದು ಲೋಕಲ್ ಕಾಕ್. ಲೋಕಲ್ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಅಳತೆ ಹೊಂದಬೇಕು ಅಷ್ಟೇ. ಬಾಯಲ್ಲಿ ಮಾಡೆಲ್ ಹೆಸರು ಹೇಳಿ ತರಬೇಡಿ, ಹಳೇ ಕಾಕ್ ಬಿಚ್ಚಿ ಅಂಗಡಿಗೆ ಒಯ್ಯಿರಿ. ಎರಡು ಬೋಲ್ಟ್‌ದಾದರೆ ತೂತುಗಳ ನಡುವಿನ ಅಂತರ, ನಟ್ ಮಾದರಿದಾದರೆ ಥ್ರೆಡ್, ಜೊತೆಗೆ ಪೈಪ್ ಸಿಕ್ಕಿಸೋ ಮೂತಿಯ ದಪ್ಪ ಮತ್ತು ದಿಕ್ಕು ಹೋಲಿಸಿ. ಟ್ಯಾಂಕ್ ಒಳಗೆ ಹೋಗೋ ಉದ್ದ ಕೊಳವೆಯನ್ನ ಬಹಳ ಜನ ನೋಡೋದೇ ಇಲ್ಲ. ಆನ್‌ನಲ್ಲಿ ಪೆಟ್ರೋಲ್ ಬರೋದು ಅದರ ತುದಿಯಿಂದ, ರಿಸರ್ವ್‌ನಲ್ಲಿ ಬುಡದಿಂದ. ಅದು ಗಿಡ್ಡವಾದರೆ ರಿಸರ್ವ್‌ಗೆ ಉಳಿಯೋದು ಕಡಿಮೆ. ಹಿರಿಯೂರು–ಹೊಸದುರ್ಗ ರಸ್ತೇಲಿ ರಾತ್ರಿ ಗಾಡಿ ತಳ್ಳಿದ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಕೆಲಸ ಬಯಲಲ್ಲೇ ಆಗಬೇಕು, ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬೀಡಿ-ಸಿಗರೇಟು ಹತ್ತಿರ ಬೇಡ. ಪೆಟ್ರೋಲ್‌ನ ಮುಚ್ಚಳ ಇರೋ ಲೋಹದ ಕ್ಯಾನ್‌ಗೆ ಇಳಿಸಿ. ಕಾಕ್ ತೆಗೆದಾಗ ಟ್ಯಾಂಕ್ ತಳವನ್ನ ಸ್ವಲ್ಪ ಪೆಟ್ರೋಲ್ ಹಾಕಿ ಅಲ್ಲಾಡಿಸಿ ತೊಳೆಯಿರಿ. ಹಳೇ ವಾಷರ್ ಮತ್ತೆ ಹಾಕಬೇಡಿ. ನಲ್ಲಿಗೆ ಸುತ್ತೋ ಬಿಳಿ ಟೇಪ್ ಸುತ್ತೋದು ನಮ್ಮ ಕಡೆ ರೂಢಿ, ಆದರೆ ಅದರ ಎಳೆ ಕಿತ್ತು ಜೆಟ್‌ಗೇ ಹೋಗುತ್ತೆ. ಬೋಲ್ಟ್‌ನ ಎರಡೂ ಕಡೆ ಸಮವಾಗಿ ಬಿಗಿ ಮಾಡಿ. ಜೋರು ಮಾಡಿ ಟ್ಯಾಂಕ್ ಥ್ರೆಡ್ ಹೋದರೆ ಖರ್ಚು ಕಾಕ್‌ಗಿಂತ ದೊಡ್ಡದು.

ಫಿಲ್ಟರ್ ಮೇಲೆ ಬಾಣದ ಗುರುತಿದ್ದರೆ ಅದು ಕಾರ್ಬೋರೇಟರ್ ಕಡೆ ಇರಬೇಕು. ಇಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳೀಬೇಕು. ಅದಕ್ಕೇ ಬೈಕ್‌ಗೆ ಅಂತಲೇ ಬರೋ ಚಿಕ್ಕ ಫಿಲ್ಟರ್ ತಗೊಳ್ಳಿ, ಪೈಪ್ ಎಲ್ಲೂ ಮೇಲಕ್ಕೆ ಬಾಗದಂತೆ, ಸಿಲಿಂಡರ್‌ಗೆ ತಾಗದಂತೆ ಬಿಡಿ. ನೀರಿನ ಲೆವೆಲ್ ಪೈಪ್ ಕತ್ತರಿಸಿ ಹಾಕೋ ಅಭ್ಯಾಸ ಬಿಡಬೇಕು. ಪೆಟ್ರೋಲ್‌ಗೆ ಅದು ಕಲ್ಲಿನಂಗೆ ಗಟ್ಟಿಯಾಗಿ ಮೂತಿಯಿಂದ ಜಾರುತ್ತೆ. ಎರಡೂ ತುದಿಗೆ ಕ್ಲಿಪ್ ಬೇಕೇ ಬೇಕು.

ಮೊದಲು ಅರ್ಧ ಲೀಟರ್ ಹಾಕಿ, ಆಫ್‌ನಲ್ಲಿ ಹತ್ತು ನಿಮಿಷ, ಆನ್‌ನಲ್ಲಿ ಹತ್ತು ನಿಮಿಷ ಕೀಲುಗಳ ಕೆಳಗೆ ಒಣ ಕಾಗದ ಹಿಡಿದು ನೋಡಿ. ಒದ್ದೆಯಾಗದಿದ್ದರೆ ಮಾತ್ರ ಸ್ಟಾರ್ಟ್ ಮಾಡಿ.

ಕೆಲವು ಗಾಡಿಗಳ ಕಾಕ್‌ಗೆ ಎಂಜಿನ್‌ನಿಂದ ಇನ್ನೊಂದು ತೆಳು ಪೈಪ್ ಬರುತ್ತೆ, ಅದು ವ್ಯಾಕ್ಯೂಮ್ ಕಾಕ್. ಅದರ ಜಾಗಕ್ಕೆ ಸಾದಾ ಕಾಕ್ ಹಾಕಿದರೆ ಎಂಜಿನ್ ಕಡೆಯ ತೂತು ಮುಚ್ಚಲೇಬೇಕು, ಇಲ್ಲಾಂದ್ರೆ ಗಾಳಿ ಎಳೆದು ಐಡಲ್ ನಿಲ್ಲಲ್ಲ. ಸಾದಾ ಕಾಕ್‌ನ ರಾತ್ರಿ ಆಫ್ ಮಾಡಬೇಕು. ಫ್ಲೋಟ್ ಸೂಜಿ ಸವೆದಿದ್ದರೆ ಪೆಟ್ರೋಲ್ ಎಂಜಿನ್‌ಗೆ ಇಳಿದು ಆಯಿಲ್ ಜೊತೆ ಸೇರೋ ಸಾಧ್ಯತೆ ಇದೆ.

2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇದು ಅನ್ವಯಿಸಲ್ಲ. ಅಂಥವಕ್ಕೆ ಸಾಮಾನ್ಯವಾಗಿ ಟ್ಯಾಂಕ್ ಒಳಗೇ ಪಂಪ್ ಇದ್ದು ಪೈಪ್‌ನಲ್ಲಿ ಒತ್ತಡ ಇರುತ್ತೆ. ಅದನ್ನ ಕತ್ತರಿಸಿ ಫಿಲ್ಟರ್ ಕೂರಿಸೋಕೆ ಹೋಗಬೇಡಿ.